ಏಕಾಂತ ಯಾರದು?

ದ್ವೀಪವೆಂದರೆ ಕವಿಗಳಿಗೂ ಕತೆಗಾರರಿಗೂ ಮೊದಲಿನಿಂದಲೂ ಒಲವು. ಷೇಕ್ಸ್‌ಪಿಯರ್ ಮಹಾಕವಿ ತನ್ನ ಕೊನೆಯ ನಾಟಕಗಳಲ್ಲೊಂದನ್ನು ದ್ವೀಪದ ಮೇಲೆ ಕಟ್ಟಿದ. ಡೀಫೋ ತನ್ನ ರಾಬಿನ್‌ಸನ್ ಕ್ರೂಸೋನನ್ನು ದ್ವೀಪದಲ್ಲಿಟ್ಟು ಬೆಳೆಸಿದ. ಸುತ್ತ ನೀರು, ನಡುವೆ ನೆಲ, ನೆಲದ ಮೇಲೆ ಬೆರಳೆಣಿಕೆಯ ಜನ. ಲೇಖಕನಿಗೆ ಇದಕ್ಕಿಂತ ಅನುಕೂಲವಾದ ರಂಗಸ್ಥಳ ಇನ್ನಾವುದು? ಲೋಕದ ಗೊಂದಲವನ್ನೆಲ್ಲ ಆಚೆಗಿಟ್ಟು ಮನುಷ್ಯಸ್ವಭಾವವೊಂದನ್ನೇ ನಿಲ್ಲಿಸಿ ನೋಡಬಹುದು. ಆದರೆ ಈ ಅನುಕೂಲದಲ್ಲಿಯೇ ಒಂದು ಅಪಾಯವೂ ಇದೆ. ದ್ವೀಪವು ಕಲ್ಪನೆಯದಾಗಿರದೆ ನಿಜವಾದದ್ದಾಗಿ, ಅದರ ಮೇಲೆ ನಿಜವಾದ ಜನರು ಮನೆಮಠ ಮಾಡಿಕೊಂಡು ಬಾಳುತ್ತಿದ್ದರೆ, ಲೇಖಕನು ಬರೆಯುತ್ತಿರುವುದು ಅವರ ಬಾಳನ್ನೋ ತನ್ನ ಮನಸ್ಸನ್ನೋ ಎಂಬ ಪ್ರಶ್ನೆ ಏಳುತ್ತದೆ.

ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹ ಎಂಬ ದ್ವೀಪವನ್ನು ಕುರಿತು ಬಂದಿರುವ ಪುಸ್ತಕಗಳನ್ನು ಒಂದಾದಮೇಲೊಂದರಂತೆ ಓದುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು. ಜನವಸತಿಯಿರುವ ದ್ವೀಪಗಳಲ್ಲಿ ಲೋಕಕ್ಕೆ ಅತಿ ದೂರವಾದದ್ದು ಇದು. ನೆರೆಯೂರು ಎನ್ನಬಹುದಾದ ಸೇಂಟ್ ಹೆಲೆನಾ ದ್ವೀಪ ಉತ್ತರಕ್ಕೆ ಸುಮಾರು ೨,೪೦೦ ಕಿಲೋಮೀಟರು. ಕೇಪ್‌ಟೌನ್ ನಗರ ಪೂರ್ವಕ್ಕೆ ಸುಮಾರು ೨,೮೦೦ ಕಿಲೋಮೀಟರು. ವಿಮಾನ ಇಳಿಯುವಂತಿಲ್ಲ, ಹಡಗಿನಲ್ಲಿ ವಾರದ ಹಾದಿ. ದ್ವೀಪವೆಂದರೂ ಅಗ್ನಿಪರ್ವತವೆಂದರೂ ಇಲ್ಲಿ ಒಂದೇ; ಕಡಲಿನಿಂದ ೨,೦೬೨ ಮೀಟರು ನೆಟ್ಟಗೆ ಎದ್ದು ನಿಂತ ಬೆಟ್ಟ, ಅದರ ಕಾಲಬಳಿ ಚಾಚಿಕೊಂಡ ಒಂದು ತುಂಡು ಬಯಲು, ಆ ಬಯಲಿನಲ್ಲಿ ಒಂದೇ ಒಂದು ಊರು. ಇಂದು ಅಲ್ಲಿರುವವರು ಇನ್ನೂರೈವತ್ತಕ್ಕೂ ಕಡಮೆ. ಇಷ್ಟು ಸಣ್ಣ ಊರನ್ನು ಕುರಿತು ಹುಟ್ಟಿರುವ ಸಾಹಿತ್ಯ ಮಾತ್ರ ಸಣ್ಣದಲ್ಲ. ಆ ಸಾಹಿತ್ಯದಲ್ಲಿ ಬಹುಪಾಲು ಒಂದೇ ಶ್ರುತಿ ಹಿಡಿದು ಹಾಡುತ್ತದೆ: ಏಕಾಂತ. ಈ ಏಕಾಂತ ಯಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕತೆಯ ಎಳೆಯನ್ನಷ್ಟು ಹೇಳಿಬಿಡುವೆನು. ೧೫೦೬ರಲ್ಲಿ ಪೋರ್ಚುಗೀಸ್ ನಾವಿಕ ಟ್ರಿಸ್ಟಾವೋ ಡ ಕುನ್ಹ ಇದನ್ನು ದೂರದಿಂದ ಕಂಡು, ಹೆಸರನ್ನು ಬಿಟ್ಟು, ಇಳಿಯದೆ ಹೊರಟುಹೋದ. ಮುನ್ನೂರು ವರ್ಷ ಅದಕ್ಕೆ ಒಡೆಯರಿರಲಿಲ್ಲ. ೧೮೧೧ರಲ್ಲಿ ಅಮೆರಿಕದ ಜೊನಾಥನ್ ಲ್ಯಾಂಬರ್ಟ್ ಎಂಬುವನು ತಾನೇ ಇದರ ದೊರೆಯೆಂದು ಸಾರಿಕೊಂಡು, ಮರುವರ್ಷವೇ ಕಡಲಪಾಲಾದ. ೧೮೧೬ರಲ್ಲಿ ಬ್ರಿಟಿಷರು ಒಂದು ಪಡೆಯನ್ನು ತಂದಿಳಿಸಿದರು. ಕಾರಣ ವಿಚಿತ್ರ. ನೆಪೋಲಿಯನ್ ಆಗ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ. ಅವನನ್ನು ಬಿಡಿಸಲು ಬರುವವರು ಇಲ್ಲಿ ಬೀಡುಬಿಟ್ಟಾರೆಂಬ ಭಯ. ಮರುವರ್ಷ ಪಡೆ ಹಿಂತಿರುಗಿತು. ಸ್ಕಾಟ್ಲೆಂಡಿನ ಕೆಲ್ಸೋ ಊರಿನ ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ ತನ್ನ ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಉಳಿದುಕೊಂಡ. ಅವನ ಜೊತೆಗೆ ಸ್ಯಾಮ್ಯುಯಲ್ ಬರ್ನೆಲ್, ಜಾನ್ ನ್ಯಾನ್‌ಕಿವೆಲ್ ಎಂಬ ಇಬ್ಬರು ಕಲ್ಲುಕುಟಿಗರು ನಿಂತರು. ಊರು ಹುಟ್ಟಿದ್ದು ಹೀಗೆ.

ಈ ಮೂವರೂ ೧೮೧೭ರ ನವೆಂಬರ್ ೭ರಂದು ಒಂದು ಒಪ್ಪಂದ ಬರೆದು ರುಜು ಹಾಕಿದರು. ಟ್ರಿಸ್ಟನ್ನಿನ ಸಾಹಿತ್ಯವನ್ನು ವಿಮರ್ಶಿಸುವವರು ಇಲ್ಲಿಂದಲೇ ಮೊದಲು ಮಾಡಬೇಕೆಂದು ನನ್ನ ಮತ. ಅದು ಕಾವ್ಯವಲ್ಲ, ಕತೆಯಲ್ಲ, ಪಾಲುದಾರಿಕೆಯ ಕರಾರುಪತ್ರ. ದನಕರು, ದಾಸ್ತಾನು ಎಲ್ಲರಿಗೂ ಸಮನಾಗಿ ಸೇರಿದ್ದು. ಬಂದ ಲಾಭ ಸಮಪಾಲು, ಆದ ಖರ್ಚು ಸಮಪಾಲು. ಸೌಹಾರ್ದ ಕೆಡದಿರಬೇಕಾದರೆ ಒಬ್ಬನು ಇನ್ನೊಬ್ಬನ ಮೇಲೆ ದೊಡ್ಡಸ್ತಿಕೆ ನಡೆಸಕೂಡದು. ದುಡಿಮೆಯಲ್ಲಿಯೂ ಎಲ್ಲರದೂ ಸರಿಪಾಲು. ಇದು ಅದರ ಸಾರ. ಸೈನ್ಯದ ಶಿಸ್ತಿನಿಂದ ಆಗತಾನೆ ಹೊರಬಂದ ಒಬ್ಬ ಕಾರ್ಪೊರಲ್ಲು ಮೇಲು ಕೀಳೆಂಬುದನ್ನೇ ಕಾಗದದ ಮೇಲೆ ಅಳಿಸಿಹಾಕುತ್ತಾನೆಂಬುದನ್ನು ಗಮನಿಸಬೇಕು. ಪತ್ರದಲ್ಲಿ ಕಡಲಿನ ವರ್ಣನೆಯಿಲ್ಲ, ಒಂಟಿತನದ ನಿಟ್ಟುಸಿರಿಲ್ಲ. ಅವರ ಮುಂದಿದ್ದ ಸಮಸ್ಯೆ ‘ಇಲ್ಲಿ ಒಂಟಿಯಾಗಿ ಹೇಗಿರುವುದು’ ಎಂಬುದಲ್ಲ, ‘ಇಲ್ಲಿ ಜೊತೆಯಾಗಿ ಹೇಗಿರುವುದು’ ಎಂಬುದು.

ಈ ಪತ್ರಕ್ಕೂ ಕುಂದುಗಳುಂಟು. ಹೆಂಗಸರ ಪಾಲು ಎಷ್ಟೆಂದು ಅದು ಹೇಳುವುದಿಲ್ಲ. ೧೮೨೭ರಲ್ಲಿ ದ್ವೀಪದ ಐವರು ಬ್ರಹ್ಮಚಾರಿಗಳಿಗಾಗಿ ಹಡಗಿನ ಕಪ್ತಾನನೊಬ್ಬ ಸೇಂಟ್ ಹೆಲೆನಾದಿಂದ ಐವರು ಹೆಂಗಸರನ್ನು ಕರೆತಂದ. ಬಹುಪಾಲು ಲೇಖಕರು ಇದನ್ನು ನಗೆಯ ಪ್ರಸಂಗವಾಗಿ ಬರೆದು ಮುಂದೆ ಸಾಗಿದ್ದಾರೆ. ಮುಖವನ್ನೇ ಕಾಣದ ಗಂಡನಿಗಾಗಿ ಎರಡೂವರೆ ಸಾವಿರ ಕಿಲೋಮೀಟರು ಕಡಲನ್ನು ದಾಟಿಬಂದ ಆ ಹೆಂಗಸರು ದಡದಲ್ಲಿ ಕಾಲಿಟ್ಟಾಗ ಏನೆಂದುಕೊಂಡರೆಂದು ಕೇಳಿದವರು ಕಡಮೆ. ಊರಿನ ಮುಂದಿನ ಪೀಳಿಗೆಗಳು ಹಬ್ಬಿದ್ದು ಅವರ ಮಡಿಲಿನಿಂದ. ಸಮತೆಯ ಕರಾರು ಎಷ್ಟೇ ಚೆನ್ನಾಗಿದ್ದರೂ, ಅದರ ಅಂಚಿನಲ್ಲಿ ಹೆಸರಿಲ್ಲದೆ ನಿಂತವರೂ ಇದ್ದರೆಂಬುದನ್ನು ಮರೆಯಬಾರದು.

ಹಾಗಾದರೆ ಏಕಾಂತದ ಶ್ರುತಿ ಹಿಡಿದವರು ಯಾರು? ಆಗಸ್ಟಸ್ ಅರ್ಲ್ ಎಂಬ ಇಂಗ್ಲಿಷ್ ಚಿತ್ರಕಾರ. ಅವನು ೧೮೨೪ರಲ್ಲಿ ರಿಯೋ ನಗರದಿಂದ ನಮ್ಮ ದೇಶದ ಕಲ್ಕತ್ತೆಗೆಂದು ಹೊರಟಿದ್ದವನು. ದಾರಿಯಲ್ಲಿ ಹಡಗು ಆಲೂಗೆಡ್ಡೆಗಾಗಿ ಟ್ರಿಸ್ಟನ್ನಿನ ಬಳಿ ನಿಂತಿತು. ಅರ್ಲ್ ತನ್ನ ನಾಯಿಯೊಡನೆ ದಡಕ್ಕಿಳಿದ. ಬಿರುಗಾಳಿ ಎದ್ದಿತು; ಹಡಗು ಅವನನ್ನು ಬಿಟ್ಟು ಹೊರಟುಹೋಯಿತು. ಎಂಟು ತಿಂಗಳು ಅವನು ಅಲ್ಲಿಯೇ ಉಳಿಯಬೇಕಾಯಿತು. ಮಕ್ಕಳಿಗೆ ಪಾಠ ಹೇಳಿದ. ಬಣ್ಣ ಮುಗಿಯುವವರೆಗೂ ಚಿತ್ರ ಬರೆದ. ೧೮೩೨ರಲ್ಲಿ ಅಚ್ಚಾದ ಅವನ ದಿನಚರಿ ಇಂದಿಗೂ ಓದಿಸಿಕೊಂಡು ಹೋಗುತ್ತದೆ. ಅವನ ಚಿತ್ರಗಳಲ್ಲಿ ಒಂದರ ಹೆಸರೇ ‘ಏಕಾಂತ’: ಸಂಜೆಯ ಹೊತ್ತು, ದಿಗಂತದಲ್ಲಿ ಹಡಗೊಂದು ಕಂಡೀತೇ ಎಂಬ ಕಾತರ. ಆದರೆ ಅದೇ ಅರ್ಲ್ ಅದೇ ದ್ವೀಪದಲ್ಲಿ ‘ಗವರ್ನರ್ ಗ್ಲಾಸ್ ಮತ್ತು ಅವನ ಒಡನಾಡಿಗಳು’ ಎಂಬ ಇನ್ನೊಂದು ಚಿತ್ರವನ್ನೂ ಬರೆದಿದ್ದಾನೆ. ಒಂದು ಹಡಗು ತಪ್ಪಿಸಿಕೊಂಡವನ ಚಿತ್ರ. ಇನ್ನೊಂದು ಮನೆ ಕಟ್ಟಿಕೊಂಡವರ ಚಿತ್ರ. ಮುಂದೆ ಬಂದ ಸಾಹಿತ್ಯವೆಲ್ಲ ಮೊದಲನೆಯದನ್ನೇ ಮಾದರಿಯಾಗಿಟ್ಟುಕೊಂಡು ಎರಡನೆಯದನ್ನು ಗೋಡೆಗೆ ತಿರುಗಿಸಿಟ್ಟಿತು.

ನಮ್ಮ ಆಲಂಕಾರಿಕರು ರಸವು ಎಲ್ಲಿರುತ್ತದೆಂದು ಬಹುಕಾಲ ಚರ್ಚಿಸಿದರು: ಮೂಲಪಾತ್ರದಲ್ಲಿಯೋ, ನಟನಲ್ಲಿಯೋ, ಸಹೃದಯನಲ್ಲಿಯೋ? ಆ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು. ಟ್ರಿಸ್ಟನ್ನಿನ ಏಕಾಂತ ಟ್ರಿಸ್ಟನ್ನಿನವರಲ್ಲಿ ಇದೆಯೇ? ಅರ್ಲ್ ಹಡಗಿಗಾಗಿ ಕಾದದ್ದು ಹೊರಟುಹೋಗುವುದಕ್ಕೆ. ಊರಿನವರೂ ಹಡಗಿಗಾಗಿ ಕಾಯುತ್ತಿದ್ದರು. ಆದರೆ ಅವರು ಕಾದದ್ದು ಹಿಟ್ಟಿಗೆ, ಬಟ್ಟೆಗೆ, ಮೊಳೆಗೆ. ಬದಲಿಗೆ ಆಲೂಗೆಡ್ಡೆಯನ್ನೋ ಕುರಿಯನ್ನೋ ಕೊಟ್ಟು ಮನೆಗೆ ಹಿಂತಿರುಗುವುದಕ್ಕೆ. ಎರಡೂ ಕಾಯುವಿಕೆಯೇ. ಎರಡನ್ನೂ ಒಂದೇ ಎಂದು ತಿಳಿದದ್ದು ಲೇಖಕರ ತಪ್ಪು.

ಇಳಿದು ನೋಡಿದವನ ಗತಿಯೇ ಹೀಗಾದರೆ, ಇಳಿಯದೆ ಬರೆದವರ ವಿಷಯ ಹೇಳಬೇಕಾದುದಿಲ್ಲ. ಎಡ್ಗರ್ ಆಲನ್ ಪೋ ೧೮೩೮ರಲ್ಲಿ ಪ್ರಕಟಿಸಿದ ‘ಆರ್ಥರ್ ಗಾರ್ಡನ್ ಪಿಮ್’ ಕಾದಂಬರಿಯಲ್ಲಿ ಟ್ರಿಸ್ಟನ್ನಿನ ವೃತ್ತಾಂತ ಬರುತ್ತದೆ. ಲ್ಯಾಂಬರ್ಟನೂ ಗ್ಲಾಸನೂ ಬರುತ್ತಾರೆ. ಅದನ್ನು ಅವನು ಎತ್ತಿಕೊಂಡದ್ದು ಕಪ್ತಾನ್ ಮಾರೆಲ್ಲನ ಪ್ರವಾಸಗ್ರಂಥದಿಂದ. ಪೋವಿಗೆ ಆ ಊರು ಮುಂದಿನ ಭಯಾನಕಕ್ಕೆ ಹೊಸ್ತಿಲು ಮಾತ್ರ. ಜೂಲ್ಸ್ ವರ್ನ್ ‘ಕಪ್ತಾನ್ ಗ್ರಾಂಟನ ಮಕ್ಕಳು’ ಕಾದಂಬರಿಯಲ್ಲಿ ತನ್ನ ಹಡಗನ್ನು ಇಲ್ಲಿ ನಿಲ್ಲಿಸುತ್ತಾನೆ. ಪೋವಿನ ಕತೆಯನ್ನು ಮುಂದುವರಿಸಿ ೧೮೯೭ರಲ್ಲಿ ಬರೆದ ಇನ್ನೊಂದು ಕಾದಂಬರಿಯಲ್ಲಿಯೂ ಇಲ್ಲಿಗೆ ಬರುತ್ತಾನೆ. ಅವನಿಗೆ ಇದು ಭೂಗೋಳದ ಪಾಠ. ದಕ್ಷಿಣ ಆಫ್ರಿಕದ ಕವಿ ರಾಯ್ ಕ್ಯಾಂಬೆಲ್ ಇದೇ ಹೆಸರಿನ ಕವನವನ್ನು ಬರೆದು ೧೯೩೦ರ ‘ಅಡಮಾಸ್ಟರ್’ ಸಂಗ್ರಹದಲ್ಲಿ ಸೇರಿಸಿದ. ಸ್ವದೇಶದವರೊಡನೆ ಜಗಳವಾಡಿ ದೂರವಾದ ಕವಿ ದ್ವೀಪವನ್ನು ತನ್ನಂತೆಯೇ ಸೆಟೆದು ಒಂಟಿಯಾಗಿ ನಿಂತ ಗೆಳೆಯನನ್ನಾಗಿ ಕಂಡ. ಕವನ ಗಂಭೀರವಾಗಿದೆ, ಅದರ ನಾದ ದೊಡ್ಡದು, ನಾನದನ್ನು ಮೆಚ್ಚುತ್ತೇನೆ. ಆದರೆ ಕ್ಯಾಂಬೆಲ್ಲನ ಕಣ್ಣು ಬಂಡೆಯ ಮೇಲಿದ್ದಷ್ಟು ಬಂಡೆಯ ಬುಡದ ಆಲೂಗೆಡ್ಡೆಯ ಹೊಲದ ಮೇಲಿಲ್ಲ. ಕವಿಗೆ ಈ ಸ್ವಾತಂತ್ರ್ಯವುಂಟು. ನಾವು ಆ ಕವನವನ್ನು ಓದಿ ಟ್ರಿಸ್ಟನ್ನನ್ನು ತಿಳಿದೆವೆಂದುಕೊಳ್ಳಬಾರದು, ಅಷ್ಟೆ.

ಏಕಾಂತದ ಭಾವನೆ ಪುಸ್ತಕದಲ್ಲಿಯೇ ಉಳಿದಿದ್ದರೆ ಹಾನಿಯಿರಲಿಲ್ಲ. ಅದು ಕೆಲವೊಮ್ಮೆ ಸಲಹೆಯಾಯಿತು. ‘ಆಲಿಸ್’ ಕತೆಯ ಕರ್ತೃ ಲೂಯಿ ಕ್ಯಾರಲ್ಲನ ತಮ್ಮ ಎಡ್ವಿನ್ ಡಾಡ್ಜ್‌ಸನ್ ೧೮೮೧ರಲ್ಲಿ ಪಾದ್ರಿಯಾಗಿ ಅಲ್ಲಿಗೆ ಹೋದ. ಅಣ್ಣನು ಇಲ್ಲದ ಒಂದು ನಾಡನ್ನು ಕಟ್ಟಿ ಅದರಲ್ಲಿ ಜನರನ್ನು ತುಂಬಿದ. ತಮ್ಮನು ಇರುವ ನಾಡಿನಲ್ಲಿಳಿದು ಅದರ ಜನರನ್ನೆಲ್ಲ ಬೇರೆಡೆಗೆ ಸಾಗಿಸಬೇಕೆಂದು ಹಂಬಲಿಸಿದ. ಅವನದು ಕೆಟ್ಟ ಮನಸ್ಸಲ್ಲ. ೧೮೮೫ರ ನವೆಂಬರಿನಲ್ಲಿ ದೂರದಲ್ಲಿ ಹಾಯುತ್ತಿದ್ದ ಹಡಗೊಂದರೊಡನೆ ವ್ಯಾಪಾರ ಮಾಡಲು ದೋಣಿಯಲ್ಲಿ ಹೋದ ಹದಿನೈದು ಗಂಡಸರು ಹಿಂತಿರುಗಲಿಲ್ಲ. ಊರು ವಿಧವೆಯರ ಊರಾಯಿತು. ಇಂಥ ಕಡೆ ಮನುಷ್ಯರೇಕೆ ಇರಬೇಕೆಂದು ಕೇಳಿದವನನ್ನು ತಪ್ಪೆನ್ನಲಾಗದು. ಆದರೆ ಪ್ರಶ್ನೆಯನ್ನು ಕೇಳಿದವನು ಪಾದ್ರಿ; ಉತ್ತರಿಸಬೇಕಾದವರು ಆ ವಿಧವೆಯರು. ಅವರ ಉತ್ತರ ಗ್ರಂಥಸ್ಥವಾಗಲಿಲ್ಲ. ಊರು ಉಳಿಯಿತು ಎಂಬುದೇ ಉತ್ತರ.

ಆಮೇಲೆ ಬಂದ ಇಬ್ಬರು ಪಾದ್ರಿಗಳ ಮಡದಿಯರು ಈ ಸಾಹಿತ್ಯದ ಮಾನ ಕಾಪಾಡಿದರು. ೧೯೦೬ರಿಂದ ೧೯೦೯ರವರೆಗೆ ಅಲ್ಲಿದ್ದ ಶ್ರೀಮತಿ ಬ್ಯಾರೋ ೧೯೧೦ರಲ್ಲಿ ‘ಟ್ರಿಸ್ಟನ್ ಡ ಕುನ್ಹದಲ್ಲಿ ಮೂರು ವರ್ಷ’ ಎಂಬ ಪುಸ್ತಕ ಪ್ರಕಟಿಸಿದರು. ಅವರ ಅತ್ತೆಯವರು ನಾಲ್ಕು ವರ್ಷದ ಮಗುವಾಗಿದ್ದಾಗ, ಲಂಡನ್ನಿನಿಂದ ಮುಂಬಯಿಗೆ ಬರುತ್ತಿದ್ದ ‘ಬ್ಲೆಂಡನ್ ಹಾಲ್’ ಹಡಗಿನಲ್ಲಿದ್ದರು; ೧೮೨೧ರಲ್ಲಿ ಆ ಹಡಗು ಪಕ್ಕದ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಬದುಕಿ ಉಳಿದವರಿಗೆ ಆಸರೆಯಾದದ್ದು ಗ್ಲಾಸನ ಊರು. ಆ ಉಪಕಾರಸ್ಮರಣೆಯ ಬೆಚ್ಚನೆಯ ಭಾವ ಪುಸ್ತಕದಲ್ಲಿದೆ. ಶಾಲೆಗೆ ಬಂದ ಮಕ್ಕಳು, ಚಳಿಗಾಲದಲ್ಲಿ ಸತ್ತ ದನಗಳು, ತೊಗಲಿನ ಮೆಟ್ಟು, ಎತ್ತಿನ ಗಾಡಿ, ಹಾಯಿ ಕಂಡೊಡನೆ ಏಳುವ ಕೂಗು, ದೋಣಿಗೆ ಓಡುವ ಗಂಡಸರು, ಇವೇ ಅಲ್ಲಿಯ ವಸ್ತು. ೧೯೨೨ರಿಂದ ೧೯೨೫ರವರೆಗೆ ಅಲ್ಲಿದ್ದ ರೋಸ್ ರಾಜರ್ಸ್ ಬರೆದ ‘ಒಂಟಿ ದ್ವೀಪ’ವೂ (೧೯೨೬) ಇಂಥದೇ. ಹೆಸರಿನಲ್ಲಿ ಒಂಟಿತನವಿದ್ದರೂ ಪುಟಗಳ ತುಂಬ ನೆರೆಹೊರೆಯಿದೆ. ಇವರು ದೊಡ್ಡ ಲೇಖಕಿಯರಲ್ಲ, ವಾಕ್ಯಗಳು ಸಾಧಾರಣ. ಆದರೂ ಪೋ, ವರ್ನ್, ಕ್ಯಾಂಬೆಲ್ಲರು ಕಾಣದ್ದನ್ನು ಇವರು ಕಂಡರು. ಏಕೆಂದರೆ ಅವರೊಡನೆ ಒಂದೇ ಒಲೆಯ ಮುಂದೆ ಕುಳಿತಿದ್ದರು.

ಇನ್ನು ೧೯೬೧ಕ್ಕೆ ಬರೋಣ. ಆ ವರ್ಷ ಆಗಸ್ಟಿನಿಂದ ನೆಲ ನಡುಗತೊಡಗಿತು. ಅಕ್ಟೋಬರ್ ೧೦ರಂದು ಊರಿನ ಮಗ್ಗುಲಲ್ಲಿಯೇ ಬೆಂಕಿ ಬಾಯ್ದೆರೆಯಿತು. ೨೬೪ ಜನರೂ ದೋಣಿಗಳಲ್ಲಿ ಪಾರಾಗಿ, ಮೀನುಗಾರಿಕೆಯ ಹಡಗುಗಳನ್ನೂ ಬಳಿಕ ಡಚ್ಚರ ಹಡಗೊಂದನ್ನೂ ಹತ್ತಿ ಕೇಪ್‌ಟೌನಿಗೂ ಅಲ್ಲಿಂದ ಇಂಗ್ಲೆಂಡಿಗೂ ಬಂದರು. ಸೌದಾಂಪ್ಟನ್ ಬಳಿಯ ಕಾಲ್‌ಷಾಟ್ ಎಂಬಲ್ಲಿ ಅವರಿಗೆ ಮನೆ ಕೊಟ್ಟರು. ವಿದ್ಯುದ್ದೀಪ ಬಂತು, ಕೂಲಿ ಬಂತು, ಅವರ ಮೈಯನ್ನು ಪರೀಕ್ಷಿಸುವ ವೈದ್ಯರೂ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಪಂಡಿತರೂ ಬಂದರು. ‘ಪಾಪ, ಕೊನೆಗೂ ಏಕಾಂತದಿಂದ ಪಾರಾದರು’ ಎಂದು ಹಲವರು ಭಾವಿಸಿದರು. ೧೯೬೨ರ ಕೊನೆಯಲ್ಲಿ ಹಿಂತಿರುಗುವುದೋ ಇಲ್ಲಿಯೇ ಇರುವುದೋ ಎಂದು ಮತ ಕೇಳಲಾಯಿತು. ಹಿಂತಿರುಗುವ ಪರ ೧೪೮, ವಿರೋಧ ೫. ಮರುವರ್ಷ ಅವರು ಹೊರಟರು. ಸಿಗಡಿಮೀನಿನ ಕಾರ್ಖಾನೆ ಲಾವಾದಡಿ ಹೂತುಹೋಗಿತ್ತು. ಬಿಟ್ಟುಬಂದ ನಾಯಿಗಳು ಕುರಿಗಳನ್ನು ಕೊಂದಿದ್ದವು. ಮನೆಗಳು ಬಹುಪಾಲು ನಿಂತಿದ್ದವು.

ಟ್ರಿಸ್ಟನ್ನನ್ನು ಕುರಿತ ಯಾವ ಪುಸ್ತಕಕ್ಕಾದರೂ ಈ ೧೪೮ ಮತಗಳೇ ಒರೆಗಲ್ಲು. ಈ ಮತಗಳನ್ನು ಅರ್ಥಮಾಡಿಸಬಲ್ಲ ಪುಸ್ತಕ ಒಳ್ಳೆಯದು, ಮಾಡಿಸಲಾರದ್ದು ಎಷ್ಟೇ ಸೊಗಸಾಗಿದ್ದರೂ ಅರೆಬರೆ. ಏಕಾಂತಕ್ಕಾಗಿ ಯಾರೂ ಹಡಗು ಹತ್ತಿ ಗುಂಪಾಗಿ ಹಿಂತಿರುಗುವುದಿಲ್ಲ.

ಫ್ರೆಂಚ್ ಕಾದಂಬರಿಕಾರ ಹೆರ್ವೆ ಬಾಜ್ಯಾಂ ೧೯೭೦ರಲ್ಲಿ ಇದೇ ವಸ್ತುವನ್ನು ಹಿಡಿದು ಕಾದಂಬರಿ ಬರೆದ. ನಡೆದುದನ್ನು ಹೆಚ್ಚುಕಡಮೆ ನಡೆದಂತೆಯೇ ಹೇಳುವ ಕೃತಿಯದು. ಇಂಗ್ಲೆಂಡಿನ ಭಾಗದ ವ್ಯಂಗ್ಯ ಚುರುಕಾಗಿದೆ. ಆದರೆ ಅವನ ಕೈಯಲ್ಲಿ ಆ ಜನರು ನಾಗರಿಕತೆಯನ್ನು ಧಿಕ್ಕರಿಸಿದ ಪುಣ್ಯಾತ್ಮರಾಗಿಬಿಡುತ್ತಾರೆ. ಒಂದು ಸಣ್ಣ ಸಂಗತಿ ಇದನ್ನು ಒಪ್ಪುವುದಿಲ್ಲ. ಹಿಂತಿರುಗಿದ ಮೇಲೆ ದ್ವೀಪದಲ್ಲಿ ಹೊಸ ಬಂದರು ಕಟ್ಟಿದರು. ಅದರ ಹೆಸರು ಕಾಲ್‌ಷಾಟ್ ಬಂದರು. ತಾವು ಆಶ್ರಯ ಪಡೆದ ಊರಿನ ಹೆಸರನ್ನು ತಮ್ಮ ಬಾಗಿಲಿಗೆ ಇಟ್ಟುಕೊಂಡವರು ಲೋಕವನ್ನು ಧಿಕ್ಕರಿಸಿದವರಲ್ಲ. ಲೋಕದಿಂದ ಬೇಕಾದುದನ್ನು ತೆಗೆದುಕೊಂಡು ತಮ್ಮ ಮನೆಗೆ ಹೋದವರು.

ನಾರ್ವೆ ಮೂಲದ ಸಮಾಜಶಾಸ್ತ್ರಜ್ಞ ಪೀಟರ್ ಮುಂಕ್ ಈ ಸತ್ಯಕ್ಕೆ ಇನ್ನಷ್ಟು ಹತ್ತಿರ ಹೋಗಿದ್ದಾನೆ. ೧೯೩೭-೩೮ರ ನಾರ್ವೆಯ ವೈಜ್ಞಾನಿಕ ತಂಡದೊಡನೆ ಅಲ್ಲಿಗೆ ಹೋಗಿದ್ದವನು, ಜನ ಹಿಂತಿರುಗಿದ ಮೇಲೆ ಮತ್ತೆ ಹೋಗಿ, ೧೯೭೧ರಲ್ಲಿ ‘ಯುಟೋಪಿಯದಲ್ಲಿ ಬಿಕ್ಕಟ್ಟು’ ಎಂಬ ಗ್ರಂಥವನ್ನು ಪ್ರಕಟಿಸಿದ. ಯಾರೂ ಯಾರಿಗೂ ಅಪ್ಪಣೆ ಮಾಡದ, ಆದರೆ ಎಲ್ಲರೂ ಎಲ್ಲರಿಗೂ ಕೈನೆರವಾಗುವ ಬಾಳನ್ನು ಅವನು ಬಿಡಿಸಿ ತೋರಿಸುತ್ತಾನೆ. ೧೮೧೭ರ ಕರಾರಿನ ನೆರಳು ಅಲ್ಲಿ ಸ್ಪಷ್ಟ. ‘ಯುಟೋಪಿಯ’ ಎಂಬ ಮಾತನ್ನು ಅವನು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಜಿನ್ನಿ ಹ್ಯಾರಿಸ್ ಅವರ ೨೦೦೦ದ ನಾಟಕ ‘ಫರ್ದರ್ ದ್ಯಾನ್ ದ ಫರ್ದೆಸ್ಟ್ ಥಿಂಗ್’ ಈ ಕತೆಯಿಂದ ಪ್ರೇರಣೆ ಪಡೆದದ್ದು. ಅದರಲ್ಲಿ ದ್ವೀಪದವರಿಗೆ ಅವರದೇ ಆದ ಮಾತಿನ ವರಸೆಯಿದೆ. ಹೊತ್ತು ತಿರುಗಲಾಗದ ಹಳೆಯ ಪಾಪದ ಗುಟ್ಟೊಂದೂ ಇದೆ. ಆ ಗುಟ್ಟು ಕಲ್ಪನೆಯದು. ಆದರೂ ಪಾಪ ಮಾಡಬಲ್ಲವರೆಂದು ಒಪ್ಪುವುದು ಕೂಡ ಒಂದು ಗೌರವವೇ. ಪುಣ್ಯಾತ್ಮರ ಪಟ್ಟಕ್ಕಿಂತ ಅದು ಮೇಲು.

ಹಾಗೆಂದು ನಾನು ಇನ್ನೊಂದು ಪುರಾಣವನ್ನು ಕಟ್ಟಬಾರದು. ದ್ವೀಪವನ್ನು ಬಿಟ್ಟುಹೋದವರೂ ಉಂಟು. ಮೂವರ ಕರಾರಿಗೆ ರುಜು ಹಾಕಿದ ಬರ್ನೆಲ್, ನ್ಯಾನ್‌ಕಿವೆಲ್ ಇಬ್ಬರೂ ಅಲ್ಲಿ ನೆಲೆಸಲಿಲ್ಲ. ೧೮೫೩ರಲ್ಲಿ ಗ್ಲಾಸ್ ತೀರಿಕೊಂಡ ಮೇಲೆ ಅವನ ಮನೆಯವರೇ ಅನೇಕರು ಅಮೆರಿಕಕ್ಕೆ ಹೋದರು; ೧೮೫೭ರಲ್ಲಿ ಊರಿನಲ್ಲಿ ಉಳಿದವರು ೨೮ ಜನ. ೧೯೬೩ರಲ್ಲಿ ಹಿಂತಿರುಗಿದವರಲ್ಲಿಯೂ ಕೆಲವರು ಮೂರೇ ವರ್ಷಕ್ಕೆ ಮತ್ತೆ ಇಂಗ್ಲೆಂಡಿಗೆ ಹೊರಟರು. ಸಮತೆಯ ಊರಿನಲ್ಲಿಯೂ ಅತೃಪ್ತಿಯುಂಟು, ಜಗಳವುಂಟು. ಆದರೆ ಅದು ನೆರೆಹೊರೆಯ ಜಗಳ, ಮರುಭೂಮಿಯ ಮೌನವಲ್ಲ. ಇಂದಿಗೂ ಅಲ್ಲಿ ಹೊರಗಿನವರು ನೆಲ ಕೊಳ್ಳುವಂತಿಲ್ಲ. ಒಂದು ಮನೆಯವರು ಇಷ್ಟೇ ದನ ಸಾಕಬೇಕೆಂಬ ಕಟ್ಟುಂಟು. ಕರಾರಿನ ಕಾಗದ ಹಳೆಯದಾದರೂ ಮಾತು ಪೂರ್ತಿ ಹಳೆಯದಾಗಿಲ್ಲ.

ಬರೆದಿಡದ ಸಣ್ಣ ಸಮಾಜಗಳ ಚರಿತ್ರೆಯನ್ನು ಬಂದುಹೋಗುವವರು ಬರೆಯುತ್ತಾರೆ. ಅವರು ತಮ್ಮ ಬೇಸರವನ್ನು ಆ ಜನರ ದುಃಖವೆಂದೂ ತಮ್ಮ ಆಸೆಯನ್ನು ಆ ಜನರ ಸುಖವೆಂದೂ ಬರೆದರೆ ತಿದ್ದುವವರು ಯಾರು? ವಿಮರ್ಶಕನು ತಿದ್ದಲಾರ; ಅನುಮಾನಿಸಬಲ್ಲ. ಭಾವ ಯಾರದೆಂದು ಕೇಳಬಲ್ಲ.

ತಿದ್ದುವುದಕ್ಕೆ ಬೇಕಾದವರು ಆ ಜನರೇ. ೨೦೦೫ರಲ್ಲಿ ದ್ವೀಪದವರೊಬ್ಬರು ಬರೆದ ‘ರಾಕ್‌ಹಾಪರ್ ಕಾಪರ್’ ಎಂಬ ಪುಸ್ತಕ ಪ್ರಕಟವಾಯಿತು. ರಾಕ್‌ಹಾಪರ್ ಎಂದರೆ ಅಲ್ಲಿಯ ಪೆಂಗ್ವಿನ್ ಜಾತಿ, ಕಾಪರ್ ಎಂದರೆ ಪೋಲೀಸಿನವನಿಗೆ ಆಡುಮಾತು. ಬರೆದವರು ಆ ಊರಿನ ಪೋಲೀಸು ಅಧಿಕಾರಿ ಕಾನ್ರಾಡ್ ಗ್ಲಾಸ್. ಕಾರ್ಪೊರಲ್ ವಿಲಿಯಂ ಗ್ಲಾಸನ ವಂಶದವರು. ಹೆಸರಿನಲ್ಲಿ ಏಕಾಂತವಿಲ್ಲ, ಸ್ವರ್ಗವೂ ಇಲ್ಲ. ಒಂದು ಹಕ್ಕಿ, ಒಂದು ಉದ್ಯೋಗ, ಸ್ವಲ್ಪ ನಗೆ. ಅದಕ್ಕೆ ಸುಮಾರು ೧೯೦ ವರ್ಷ ಮೊದಲು ಒಬ್ಬ ಗ್ಲಾಸ್ ಬರೆದಿಟ್ಟ ಕರಾರುಪತ್ರವನ್ನೂ ಈ ಪುಸ್ತಕವನ್ನೂ ಅಕ್ಕಪಕ್ಕದಲ್ಲಿಟ್ಟರೆ, ನಡುವೆ ಬಂದ ಕವಿಗಳೂ ಕಾದಂಬರಿಕಾರರೂ ಅತಿಥಿಗಳಂತೆ ತೋರುತ್ತಾರೆ. ಅತಿಥಿಗಳನ್ನು ಆದರಿಸೋಣ. ಆದರೆ ಮನೆಯ ಸಮಾಚಾರವನ್ನು ಮನೆಯವರನ್ನು ಕೇಳಿ ತಿಳಿಯೋಣ.